ಬೆಟ್ಟದ ಮಡಿಲಿನ ನಾಟಕಶಾಲೆ

ರೇಡಿಯೋ ನಾಟಕ ಕೇಳುವ ಅಭ್ಯಾಸವುಳ್ಳ ವಾಚಕರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಣ್ಣಿಗೆ ಏನೂ ಕಾಣದಿದ್ದರೂ ಮಾತು ಸ್ಪಷ್ಟವಾಗಿ ಕಿವಿಗೆ ಬಿದ್ದರೆ ನಾಟಕ ನಿಲ್ಲುತ್ತದೆ. ಮಾತು ಕೇಳದೆ ಹೋದರೆ ಎಂಥ ವೇಷಭೂಷಣವಿದ್ದರೂ ನಾಟಕ ಬಿದ್ದುಹೋಗುತ್ತದೆ. ನಮಗೇನೋ ಮಾತನ್ನು ಮನೆಯ ನಡುಮನೆಗೇ ತಂದುಕೊಡುವ ಯಂತ್ರವಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ, ತಂತಿಯಿಲ್ಲದೆ, ಧ್ವನಿವರ್ಧಕವಿಲ್ಲದೆ, ತಲೆಯ ಮೇಲೆ ಸೂರು ಕೂಡ ಇಲ್ಲದೆ, ಹತ್ತು ಹನ್ನೆರಡು ಸಾವಿರ ಜನ ಒಂದೆಡೆ ಕುಳಿತು ಒಬ್ಬ ನಟನ ಮಾತನ್ನು ಕೇಳುತ್ತಿದ್ದರೆಂದರೆ ಅದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ನಾವು ಗ್ರೀಸ್ ದೇಶದ ಬೆಟ್ಟದ ಇಳಿಜಾರುಗಳಿಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಪ್ರಾಚೀನ ಗ್ರೀಕರ ನಾಟಕಶಾಲೆಗಳು ಇಂದಿಗೂ ಉಳಿದಿವೆ. ಅವು ಬರಿಯ ಕಲ್ಲಿನ ಮೆಟ್ಟಿಲುಗಳಲ್ಲ. ಒಂದು ಜನಾಂಗ ತನ್ನ ಊರಿನ ಬಾಳನ್ನು ಹೇಗೆ ನಡಸಿತು, ಯಾರ ದನಿಗೆ ಎಷ್ಟು ಜಾಗ ಕೊಟ್ಟಿತು, ಆಮೇಲೆ ಆ ಜಾಗ ಹೇಗೆ ಕೈಬಿಟ್ಟುಹೋಯಿತು ಎಂಬ ಚರಿತ್ರೆಯೂ ಆ ಕಲ್ಲುಗಳಲ್ಲಿದೆ. ಅದನ್ನು ಓದುವ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಮೊದಲು ಹೆಸರುಗಳನ್ನು ನೋಡೋಣ. ಭಾಷೆ ಕಲಿಸುವವರಿಗೆ ಹೆಸರಿನಿಂದ ಹೊರಡುವುದು ರೂಢಿ. ಇಲ್ಲಿ ಅದು ವ್ಯರ್ಥವೂ ಅಲ್ಲ. ಗ್ರೀಕರ ನಾಟಕಶಾಲೆಗೆ ಮೂರು ಅಂಗಗಳು. ಜನ ಕೂರುವ ಸ್ಥಳ ‘ಥಿಯಟ್ರಾನ್’. ನೋಡುವ ತಾಣ ಎಂದು ಅದರ ಅರ್ಥ. ಅದರ ಬುಡದಲ್ಲಿರುವ ಸಮತಟ್ಟಾದ ಅಂಗಳ ‘ಆರ್ಕೆಸ್ಟ್ರ’. ಕುಣಿಯುವ ತಾಣ ಎಂದು ಅರ್ಥ. ಅಂಗಳದ ಆಚೆಗೆ, ಜನರಿಗೆ ಎದುರಾಗಿ ನಿಂತ ಕಟ್ಟಡ ‘ಸ್ಕೀನೆ’; ಈ ಮಾತಿಗೆ ಮೂಲದಲ್ಲಿ ಗುಡಾರವೆಂದರ್ಥ. ಇಂಗ್ಲಿಷಿನ ಥಿಯೇಟರ್, ಆರ್ಕೆಸ್ಟ್ರ, ಸೀನ್ ಎಂಬ ಮಾತುಗಳು ಇವುಗಳ ಸಂತಾನವೇ. ಆದರೆ ಮಕ್ಕಳು ತಾಯಿಯನ್ನು ಹೋಲಲಿಲ್ಲ. ಈಗ ಥಿಯೇಟರ್ ಎಂದರೆ ಇಡೀ ಕಟ್ಟಡ. ಆರ್ಕೆಸ್ಟ್ರ ಎಂದರೆ ವಾದ್ಯಗಾರರ ಗುಂಪು. ಸೀನ್ ಎಂದರೆ ನಾಟಕದ ಒಂದು ದೃಶ್ಯ, ಇಲ್ಲವೆ ಹಿಂದೆ ಇಳಿಬಿಟ್ಟ ಬಣ್ಣದ ಪರದೆ. ಗ್ರೀಕರಲ್ಲಿ ಹಾಗಿರಲಿಲ್ಲ. ನೋಡುವವರು, ಹಾಡಿ ಕುಣಿಯುವವರು, ನಟಿಸುವವರು, ಈ ಮೂವರಿಗೆ ಮೂರು ತಾಣ. ಈ ಮೂರರಲ್ಲಿ ಯಾವ ಕಾಲಕ್ಕೆ ಯಾವುದು ಹಿಗ್ಗಿತು, ಯಾವುದು ಕುಗ್ಗಿತು ಎಂಬುದೇ ಗ್ರೀಕ್ ನಾಟಕಶಾಲೆಯ ಚರಿತ್ರೆ ಎನ್ನಬಹುದು.

ಈ ಚರಿತ್ರೆ ಆರಂಭವಾಗುವುದು ಅಥೆನ್ಸ್ ನಗರದಲ್ಲಿ. ದ್ರಾಕ್ಷಾರಸದ ದೇವತೆಯಾದ ಡಯೊನೈಸಸನಿಗೆ ಅಲ್ಲಿ ವಸಂತಕಾಲದಲ್ಲಿ ದೊಡ್ಡ ಉತ್ಸವ ನಡೆಯುತ್ತಿತ್ತು. ಕ್ರಿ. ಪೂ. ೫೩೪ರ ಸುಮಾರಿಗೆ ಥೆಸ್ಪಿಸ್ ಎಂಬ ಕವಿ ಈ ಉತ್ಸವದಲ್ಲಿ ಮೊದಲ ರುದ್ರನಾಟಕವನ್ನು ಆಡಿಸಿದನೆಂದು ಸಂಪ್ರದಾಯ ಹೇಳುತ್ತದೆ. ಮೊದಮೊದಲು ಊರ ನಡುವಣ ಚೌಕದಲ್ಲಿ, ಮರದ ಅಟ್ಟಣೆ ಕಟ್ಟಿ ಜನರನ್ನು ಕೂರಿಸುತ್ತಿದ್ದರು. ಐದನೆಯ ಶತಮಾನ ಕಾಲಿಡುವ ಹೊತ್ತಿಗೆ, ಒಂದು ನಾಟಕ ನಡೆಯುತ್ತಿದ್ದಾಗಲೇ ಆ ಅಟ್ಟಣೆ ಕುಸಿದುಬಿತ್ತೆಂದೂ ಅಥೆನ್ಸಿನವರು ನಾಟಕಶಾಲೆಯೊಂದನ್ನು ಕಟ್ಟಲು ಇದೇ ಕಾರಣವಾಯಿತೆಂದೂ ‘ಸೂದಾ’ ಎಂಬ ಹತ್ತನೆಯ ಶತಮಾನದ ಗ್ರೀಕ್ ಕೋಶದಲ್ಲಿ ಒಂದು ಐತಿಹ್ಯವಿದೆ. ಐತಿಹ್ಯವನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೆ ಅದರಲ್ಲಿನ ವಿವೇಕ ಸ್ಪಷ್ಟವಾಗಿದೆ. ಸಹಸ್ರಾರು ಜನರ ಭಾರವನ್ನು ಹೊರಲು ಮರಕ್ಕಿಂತ ಮಣ್ಣು ಗಟ್ಟಿ. ಅಥೆನ್ಸಿನ ನಡುವೆ ಎದ್ದು ನಿಂತಿರುವ ಅಕ್ರಾಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ, ಡಯೊನೈಸಸನ ಗುಡಿಯ ಪಕ್ಕದಲ್ಲೇ, ಇಂಥ ಒಂದು ಮಡಿಲು ಸಿದ್ಧವಾಗಿದ್ದಿತು. ಜನ ಅಲ್ಲಿ ಹೋಗಿ ಕುಳಿತರು. ಕಟ್ಟಡದ ಮುಕ್ಕಾಲು ಪಾಲನ್ನು ಪ್ರಕೃತಿಯೇ ಕಟ್ಟಿಕೊಟ್ಟಿದ್ದಿತು. ಉಳಿದುದನ್ನು ಮನುಷ್ಯ ಕೆತ್ತಿ ತಿದ್ದಿದರೆ ಸಾಕಾಗಿತ್ತು.

ಇಳಿಜಾರಿನ ಬುಡದಲ್ಲಿದ್ದ ಅಂಗಳವೇ ಆರಂಭದಲ್ಲಿ ನಾಟಕಶಾಲೆಯ ಹೃದಯ. ಅಲ್ಲಿ ನಿಲ್ಲುತ್ತಿದ್ದುದು ಮೇಳ. ರುದ್ರನಾಟಕದ ಮೇಳದಲ್ಲಿ ಮೊದಲು ೧೨ ಮಂದಿ. ಸಾಫೊಕ್ಲೀಸ್ ಕವಿ ಅದನ್ನು ೧೫ಕ್ಕೆ ಏರಿಸಿದನೆನ್ನುತ್ತಾರೆ. ಹಾಸ್ಯನಾಟಕದಲ್ಲಿ ೨೪ ಮಂದಿ. ಇವರು ವೃತ್ತಿಯ ನಟರಲ್ಲ, ಊರಿನ ಪೌರರು. ಇವರ ತಾಲೀಮಿನ ಮತ್ತು ಉಡುಪಿನ ಖರ್ಚನ್ನು ನಗರದ ಒಬ್ಬ ಧನಿಕ ಹೊರಬೇಕೆಂದು ಕಟ್ಟಳೆಯಿತ್ತು. ನಾಟಕಗಳಲ್ಲದೆ ದೇವತಾಸ್ತುತಿಯ ಹಾಡುಗಳ ಪಂದ್ಯವೂ ಇದೇ ಉತ್ಸವದಲ್ಲಿ ನಡೆಯುತ್ತಿತ್ತು. ಅಥೆನ್ಸಿನ ಹತ್ತು ಬಣಗಳಲ್ಲಿ ಒಂದೊಂದೂ ೫೦ ಗಂಡಸರ ಒಂದು ಮೇಳವನ್ನೂ ೫೦ ಹುಡುಗರ ಒಂದು ಮೇಳವನ್ನೂ ಕಳಿಸಬೇಕು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಒಂದು ಸಾವಿರ ಮಂದಿ ಆ ಅಂಗಳಕ್ಕೆ ಇಳಿದು ಹಾಡಿ ಕುಣಿಯುತ್ತಿದ್ದರು. ಮೆಟ್ಟಿಲ ಮೇಲೆ ಕುಳಿತವರಲ್ಲಿ ಎಷ್ಟೋ ಜನ ತಾವೇ ಒಂದಲ್ಲ ಒಂದು ವರ್ಷ ಕೆಳಗೆ ನಿಂತು ಹಾಡಿದ್ದವರು. ಹಾಡು ತಪ್ಪಿದರೆ ಗೊತ್ತಾಗುತ್ತಿತ್ತು, ಹೆಜ್ಜೆ ತಪ್ಪಿದರೆ ಗೊತ್ತಾಗುತ್ತಿತ್ತು. ನೋಡುವವರಿಗೂ ಆಡುವವರಿಗೂ ನಡುವೆ ಅಡ್ಡಗೋಡೆ ಇರಲಿಲ್ಲ, ಬಾಗಿಲೂ ಇರಲಿಲ್ಲ. ಅಂಗಳದ ಎರಡು ಪಕ್ಕಗಳಲ್ಲಿ ಬಯಲಾಗಿದ್ದ ಹಾದಿಗಳಿಂದಲೇ ಪ್ರೇಕ್ಷಕರು ಬಂದು ಮೇಲೇರುತ್ತಿದ್ದರು. ಅದೇ ಹಾದಿಗಳಿಂದಲೇ ಆಮೇಲೆ ಮೇಳವೂ ಪ್ರವೇಶಿಸುತ್ತಿತ್ತು.

ಈ ಅಂಗಳದ ಆಕಾರವನ್ನು ಕುರಿತು ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಥೆನ್ಸಿನ ನಾಟಕಶಾಲೆಯನ್ನು ಅಗೆದು ನೋಡಿದ ಜರ್ಮನ್ ವಿದ್ವಾಂಸ ಡೊರ್ಪ್‌ಫೆಲ್ಡ್, ಅಂಗಳ ಮೊದಲಿನಿಂದಲೂ ದುಂಡಗೆ ಇದ್ದಿತೆಂದು ಸಾರಿದನು. ಗ್ರೀಕ್ ರೈತರು ತೆನೆ ತುಳಿಸುತ್ತಿದ್ದ ದುಂಡನೆಯ ಕಣವೇ ಕುಣಿತದ ಅಂಗಳವಾಗಿ ಬೆಳೆಯಿತೆಂಬ ಊಹೆಯೂ ಹುಟ್ಟಿತು. ಸುಗ್ಗಿ ಮುಗಿದ ಕಣದಲ್ಲಿ ಕುಣಿತ ನಡೆದೀತೆಂಬುದು ನಮಗೂ ಒಪ್ಪುವ ಮಾತೇ. ಆದರೆ ಅಥೆನ್ಸಿಗೆ ಸೇರಿದ ಥೋರಿಕಾಸ್ ಎಂಬ ಊರಿನಲ್ಲಿ ಉಳಿದಿರುವ ಹಳೆಯ ನಾಟಕಶಾಲೆಯ ಅಂಗಳ ದುಂಡಗಿಲ್ಲ, ಉದ್ದುದ್ದವಾಗಿ, ಓರೆಕೋರೆಯಾಗಿದೆ. ಇಂಥ ಸಾಕ್ಷ್ಯಗಳಿಂದ, ಐದನೆಯ ಶತಮಾನದ ಅಂಗಳಗಳು ಬಹುಮಟ್ಟಿಗೆ ನೇರಗೆರೆಗಳ ಅಂಗಳಗಳೆಂದೂ, ಪರಿಪೂರ್ಣ ವೃತ್ತ ಬಂದುದು ನಾಲ್ಕನೆಯ ಶತಮಾನದಲ್ಲೆಂದೂ ಈಚಿನ ಹಲವರು ಅಭಿಪ್ರಾಯಪಡುತ್ತಾರೆ. ಈಸ್ಕಿಲಸ್, ಸಾಫೊಕ್ಲೀಸ್, ಯೂರಿಪಿಡೀಸ್ ಮಹಾಕವಿಗಳ ನಾಟಕಗಳನ್ನು ಮೊದಲು ಕಂಡ ಜನ ಅಮೃತಶಿಲೆಯ ಮೆಟ್ಟಿಲ ಮೇಲೆ ಕೂತವರಲ್ಲ. ಅವರು ಕೂತದ್ದು ಗುಡ್ಡದ ಮೇಲೆ ಹಾಸಿದ ಮರದ ಹಲಗೆಗಳ ಮೇಲೆ. ಒಂದು ನಾಟಕವನ್ನು ೩೦,೦೦೦ ಗ್ರೀಕರು ನೋಡಿದರೆಂದು ಪ್ಲೇಟೋ ಬರೆದಿದ್ದಾನಾದರೂ ಅದು ಹೊಗಳಿಕೆಯ ಲೆಕ್ಕ. ಆಗಿನ ಹಲಗೆಗಳ ಮೇಲೆ ಆರೇಳು ಸಾವಿರ ಜನಕ್ಕೆ ಸ್ಥಳವಿದ್ದಿತೆಂಬುದು ಇಂದಿನ ಅಂದಾಜು.

ಇನ್ನು ಮೂರನೆಯ ಅಂಗವಾದ ಸ್ಕೀನೆ. ಇದು ಹೇಗೆ ಹುಟ್ಟಿತೆಂಬುದಕ್ಕೆ ಕಲ್ಲುಗಳಿಗಿಂತ ನಾಟಕಗಳೇ ಒಳ್ಳೆಯ ಸಾಕ್ಷಿ. ಕನ್ನಡಿಗರಿಗೆ ಗ್ರೀಕ್ ರುದ್ರನಾಟಕದ ಪರಿಚಯ ಮಾಡಿಕೊಟ್ಟವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಭಾರತದ ಕಥೆಗೆ ಅಳವಡಿಸಿ ಅವರು ‘ಅಶ್ವತ್ಥಾಮನ್’ (೧೯೨೯) ಬರೆದರು. ಈಸ್ಕಿಲಸನ ಒಂದು ನಾಟಕವನ್ನು ‘ಪಾರಸಿಕರು’ (೧೯೩೫) ಎಂದು ಕನ್ನಡಿಸಿದರು. ಈ ‘ಪಾರಸಿಕರು’ ಅಥೆನ್ಸಿನಲ್ಲಿ ಮೊದಲು ಪ್ರಯೋಗವಾದುದು ಕ್ರಿ. ಪೂ. ೪೭೨ರಲ್ಲಿ. ಅದನ್ನು ಓದಿರುವವರು ಒಂದು ಅಂಶವನ್ನು ನೆನೆಯಬಹುದು: ಅದರಲ್ಲಿ ಅರಮನೆಯ ಬಾಗಿಲನ್ನು ತೆರೆದು ಹೊರಬರುವ ಸನ್ನಿವೇಶವೇ ಇಲ್ಲ. ರಾಜಮಾತೆ ಹೊರಗಿನಿಂದ ಬರುತ್ತಾಳೆ, ದೂತ ಹೊರಗಿನಿಂದ ಬರುತ್ತಾನೆ, ಮೃತನಾದ ದೊರೆ ಗೋರಿಯಿಂದ ಏಳುತ್ತಾನೆ. ಹಿಂದೆ ಒಂದು ಕಟ್ಟಡವಿರಬೇಕಾದ ಅಗತ್ಯವೇ ಬೀಳುವುದಿಲ್ಲ. ವೇಷ ಬದಲಿಸಲು ಅಲ್ಲೆಲ್ಲೋ ಒಂದು ಗುಡಾರವಿದ್ದರೆ ಸಾಕು.

ಹದಿನಾಲ್ಕು ವರ್ಷ ಕಳೆಯಲಿ. ಕ್ರಿ. ಪೂ. ೪೫೮ರಲ್ಲಿ ಅದೇ ಈಸ್ಕಿಲಸ್ ‘ಒರೆಸ್ಟಿಯ’ ನಾಟಕತ್ರಯವನ್ನು ಆಡಿಸುತ್ತಾನೆ. ಈಗ ಎಲ್ಲವೂ ಬೇರೆ. ನಾಟಕ ಆರಂಭವಾಗುವುದೇ ಅರಮನೆಯ ಮಾಳಿಗೆಯ ಮೇಲೆ ಕಾವಲಿರುವ ಸೇವಕನ ಮಾತಿನಿಂದ. ಯುದ್ಧ ಗೆದ್ದು ಬಂದ ದೊರೆ ಬಾಗಿಲೊಳಗೆ ಹೋಗುತ್ತಾನೆ. ಅವನ ಕೊನೆಯ ಕೂಗು ಒಳಗಿನಿಂದ ಕೇಳುತ್ತದೆ. ಬಾಗಿಲು ತೆರೆದಾಗ ಅವನ ಹೆಣ ಕಾಣುತ್ತದೆ. ಗುಡಾರ ಮನೆಯಾಗಿದೆ. ಬಾಗಿಲು ಬಂದಿದೆ. ಬಾಗಿಲು ಬಂದೊಡನೆ ನಾಟಕಕ್ಕೆ ‘ಒಳಗು’ ಎಂಬುದೊಂದು ಬಂದಿತು. ಕೊಲೆ ಕಣ್ಣೆದುರಿಗೆ ನಡೆಯುವುದಿಲ್ಲ. ಕಿವಿಗೆ ಕೇಳಿ ಮನಸ್ಸಿನಲ್ಲಿ ನಡೆಯುತ್ತದೆ. ಹೀಗೆ ಒಂದು ಮರದ ಬಾಗಿಲು ಕವಿಗೆ ಹೊಸ ಶಕ್ತಿಯನ್ನೇ ಕೊಟ್ಟಿತು.

ಈ ಮನೆಗೆ ಕ್ರಮೇಣ ಕೆಲವು ಸಲಕರಣೆಗಳೂ ಸೇರಿದುವು. ಒಳಗೆ ನಡೆದುದನ್ನು ಹೊರಗೆ ತೋರಿಸಲು ಗಾಲಿಗಳ ಮೇಲೆ ಉರುಳಿಬರುವ ಹಲಗೆಯೊಂದಿತ್ತು. ಹೆಣಗಳನ್ನು ಅದರ ಮೇಲಿಟ್ಟು ಬಾಗಿಲಿನಿಂದ ಮುಂದಕ್ಕೆ ತಳ್ಳುತ್ತಿದ್ದರು. ದೇವತೆಗಳು ಆಕಾಶದಲ್ಲಿ ಬರಬೇಕಾದರೆ ನಮ್ಮ ತೋಟದ ಏತವನ್ನು ನೆನಪಿಗೆ ತರುವ ಒಂದು ಯಂತ್ರವಿತ್ತು. ಉದ್ದನೆಯ ತೊಲೆಯ ತುದಿಗೆ ನಟನನ್ನು ಕಟ್ಟಿ ಮನೆಯ ಮಾಡಿನಾಚೆಯಿಂದ ಮೇಲೆತ್ತುವುದು. ಕ್ರಿ. ಪೂ. ೪೩೧ರಲ್ಲಿ ಯೂರಿಪಿಡೀಸನ ಮೆಡಿಯಾ ಸೂರ್ಯನ ರಥದಲ್ಲಿ ಮನೆಯ ಮೇಲ್ಗಡೆ ಕಾಣಿಸಿಕೊಂಡುದು ಇಂಥ ಸಾಧನದಿಂದಲೇ ಎಂದು ಬಹು ಜನರ ನಂಬುಗೆ. ನಗೆಗಾರ ಅರಿಸ್ಟಾಫನೀಸ್ ಇದನ್ನು ಬಿಡುವನೆ? ಕ್ರಿ. ಪೂ. ೪೨೧ರಲ್ಲಿ ಆಡಿಸಿದ ‘ಶಾಂತಿ’ ಎಂಬ ನಾಟಕದಲ್ಲಿ ಒಬ್ಬ ರೈತ ಸಗಣಿಹುಳುವಿನ ಮೇಲೆ ಕುಳಿತು ಸ್ವರ್ಗಕ್ಕೆ ಹಾರುತ್ತಾನೆ. ಹಾರುತ್ತ ಹಾರುತ್ತ ಅವನು ದೇವರನ್ನು ಬೇಡುವ ಬದಲು, ಕೆಳಗೆ ಯಂತ್ರವನ್ನು ಹಿಡಿದಿರುವ ಆಳನ್ನು ಬೇಡಿಕೊಳ್ಳುತ್ತಾನೆ: ನನ್ನನ್ನು ಜೋಪಾನವಾಗಿ ನೋಡಿಕೊಳ್ಳಪ್ಪ ಎಂದು. ಜನ ಎಷ್ಟು ನಕ್ಕಿರಬಹುದೆಂಬುದನ್ನು ನೀವೇ ಊಹಿಸಬಹುದು.

ಇಷ್ಟು ಆಡುವವರ ವಿಷಯವಾಯಿತು. ಕೂತವರ ವಿಷಯವನ್ನೂ ಸ್ವಲ್ಪ ನೋಡೋಣ. ನಾಟಕ ನಡೆಯುತ್ತಿದ್ದುದು ಹಗಲಿನಲ್ಲಿ. ಬೆಳಗ್ಗೆ ಆರಂಭವಾಗಿ ಬಹು ಹೊತ್ತು ಸಾಗುತ್ತಿತ್ತು. ಪ್ರೇಕ್ಷಕರನ್ನು ಕತ್ತಲೆಯಲ್ಲಿ ಕೂರಿಸುವ ಪದ್ಧತಿ ಇರಲಿಲ್ಲ. ಜನ ದಿಂಬು ತರುತ್ತಿದ್ದರು. ಥಿಯಫ್ರಾಸ್ಟಸ್ ಎಂಬ ಲೇಖಕ ಮುಖಸ್ತುತಿಗಾರನನ್ನು ಚಿತ್ರಿಸುವಾಗ, ಅವನು ಸೇವಕನ ಕೈಯಿಂದ ದಿಂಬನ್ನು ಕಸಿದು ತಾನೇ ಧಣಿಗೆ ಹಾಸಿಕೊಡುವನೆಂದು ಹೇಳುತ್ತಾನೆ. ತಿಂಡಿಯನ್ನೂ ತರುತ್ತಿದ್ದರು. ನಟರು ಕೆಟ್ಟದಾಗಿ ಆಡುವಾಗಲೇ ಜನ ಹೆಚ್ಚಾಗಿ ತಿನ್ನುತ್ತಾರೆಂದು ಅರಿಸ್ಟಾಟಲ್ ಗಮನಿಸಿದ್ದಾನೆ. ಮುಂದಿನ ಸಾಲು ಗೌರವಸ್ಥರಿಗೆ ಮೀಸಲು. ಅದರ ನಟ್ಟನಡುವೆ ಡಯೊನೈಸಸನ ಅರ್ಚಕನ ಪೀಠ. ‘ಕಪ್ಪೆಗಳು’ ಎಂಬ ಹಾಸ್ಯನಾಟಕದಲ್ಲಿ ಡಯೊನೈಸಸ್ ದೇವರೇ ಒಂದು ಪಾತ್ರ. ಹೆದರಿಕೆಯಾದಾಗ ಆ ದೇವರು, ಎದುರಿಗೆ ಕುಳಿತಿರುವ ತನ್ನ ಅರ್ಚಕನನ್ನೇ ಕಾಪಾಡೆಂದು ಕೂಗುತ್ತಾನೆ! ಹಣವಿಲ್ಲದ ಪೌರನೂ ನಾಟಕ ನೋಡಲೆಂದು ಅಥೆನ್ಸ್ ನಗರ ತನ್ನ ಬೊಕ್ಕಸದಿಂದ ಎರಡು ಓಬಲ್ ನಾಣ್ಯಗಳನ್ನು ಕೊಡುವ ಏರ್ಪಾಡನ್ನೂ ಮುಂದೆ ಮಾಡಿತು.

ಹಗಲ ಬೆಳಕಿನಲ್ಲಿ, ಬಾಗಿದ ಸಾಲುಗಳಲ್ಲಿ ಕುಳಿತ ಜನರಿಗೆ ನಾಟಕದ ಜೊತೆಗೆ ಇನ್ನೊಂದು ನೋಟವೂ ಕಾಣುತ್ತದೆ. ಅದು ಎದುರು ಬದಿಯಲ್ಲಿ ಕುಳಿತ ತಮ್ಮ ಊರಿನವರದೇ ಮುಖ. ಈ ಕಟ್ಟಡದ ಮರ್ಮ ಇಲ್ಲಿದೆ. ನಾಟಕಗಳು ಆರಂಭವಾಗುವ ಮುನ್ನ, ಯುದ್ಧದಲ್ಲಿ ಮಡಿದವರ ಮಕ್ಕಳು ಪ್ರಾಯಕ್ಕೆ ಬಂದಾಗ ನಗರವೇ ಕೊಟ್ಟ ಆಯುಧಗಳನ್ನು ಧರಿಸಿ ಆ ಅಂಗಳದಲ್ಲಿ ಹಾದುಹೋಗುತ್ತಿದ್ದರು. ಅಧೀನ ಊರುಗಳು ಒಪ್ಪಿಸಿದ ಕಪ್ಪದ ಹಣವನ್ನೂ ಅಲ್ಲಿಗೇ ತಂದು ಪ್ರದರ್ಶಿಸುತ್ತಿದ್ದರು. ಇದರಲ್ಲಿ ದರ್ಪವಿಲ್ಲವೆನ್ನಲಾಗದು. ಆದರೆ ಅದೇ ಅಂಗಳದಲ್ಲಿ ಏನೇನು ಕೇಳಿಸುತ್ತಿತ್ತೆಂಬುದನ್ನು ಗಮನಿಸಬೇಕು. ಪಾರಸಿಕರ ನೌಕಾಸೈನ್ಯವನ್ನು ಅಥೆನ್ಸಿನವರು ಸಲಾಮಿಸ್ಸಿನ ಕಡಲಿನಲ್ಲಿ ಸೋಲಿಸಿದ್ದು ಕ್ರಿ. ಪೂ. ೪೮೦ರಲ್ಲಿ. ಎಂಟೇ ವರ್ಷಗಳ ಮೇಲೆ, ಆ ಯುದ್ಧದಲ್ಲಿ ಹುಟ್ಟುಹಾಕಿದ್ದ ಜನರ ಎದುರಿಗೇ ಈಸ್ಕಿಲಸ್ ಶತ್ರುಗಳ ಮನೆಯ ಅಳಲನ್ನು ಹಾಡಿಸಿದನು. ಕ್ರಿ. ಪೂ. ೪೧೬ರಲ್ಲಿ ಅಥೆನ್ಸಿನ ಸೈನ್ಯ ಮೀಲಾಸ್ ಎಂಬ ಚಿಕ್ಕ ದ್ವೀಪವನ್ನು ಮುತ್ತಿತು. ಆ ಚಳಿಗಾಲ ಅದು ಶರಣಾದಾಗ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿತು. ಮರುವಸಂತದಲ್ಲಿ ಯೂರಿಪಿಡೀಸ್ ‘ಟ್ರಾಯಿನ ಹೆಂಗಸರು’ ಆಡಿಸಿದನು. ಸೋತ ಊರಿನ ವಿಧವೆಯರು ದಾಸ್ಯಕ್ಕೆ ಹೊರಡುವ ಕಥೆ ಅದು. ಗೆದ್ದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಅದನ್ನು ಕೇಳಬೇಕಾಯಿತು. ಹೆಂಗಸರಿಗೂ ಗುಲಾಮರಿಗೂ ಮತ ಕೊಡದಿದ್ದ ಊರು ಅದು. ಅದರ ದೋಷಗಳು ಚಿಕ್ಕವಲ್ಲ. ಆದರೂ ತನ್ನ ದೋಷವನ್ನು ತಾನೇ ಕೇಳಿಸಿಕೊಳ್ಳಲು ಒಂದು ಸ್ಥಳವನ್ನು ಕಟ್ಟಿಟ್ಟುಕೊಂಡಿದ್ದಿತು.

ಅಥೆನ್ಸಿಗೆ ಕಲ್ಲಿನ ನಾಟಕಶಾಲೆ ಬಂದ ಕಾಲವನ್ನು ನೋಡಿದರೆ ಮನಸ್ಸಿಗೆ ಸ್ವಲ್ಪ ವಿಷಾದವೇ ಆಗುತ್ತದೆ. ಯೂರಿಪಿಡೀಸನೂ ಸಾಫೊಕ್ಲೀಸನೂ ಕ್ರಿ. ಪೂ. ೪೦೬ರ ಆಸುಪಾಸಿನಲ್ಲಿ ತೀರಿಕೊಂಡರು. ಕ್ರಿ. ಪೂ. ೩೩೮ರಲ್ಲಿ ಅಥೆನ್ಸ್ ಮ್ಯಾಸಿಡೋನಿಯದ ದೊರೆ ಫಿಲಿಪ್ಪನಿಗೆ ಸೋತಿತು. ಆಮೇಲೆ, ಕ್ರಿ. ಪೂ. ೩೩೦ರ ಸುಮಾರಿಗೆ, ಹಣಕಾಸಿನ ಅಧಿಕಾರ ಹಿಡಿದಿದ್ದ ಲೈಕರ್ಗಸ್ ಎಂಬ ಮುಖಂಡ ಗುಡ್ಡದ ಮೇಲೆ ಕಲ್ಲಿನ ಸಾಲುಗಳನ್ನು ಪೂರ್ತಿಗೊಳಿಸಿದನು. ಸುಮಾರು ೧೫,೦೦೦ ಜನಕ್ಕೆ ಸ್ಥಳವಾಯಿತು. ಮೂವರು ಮಹಾಕವಿಗಳಿಗೂ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ಕಟ್ಟಡ ಶಾಶ್ವತವಾಗುವ ಹೊತ್ತಿಗೆ ಅದಕ್ಕೆ ಹೆಸರು ತಂದ ಕವಿಗಳು ಇರಲಿಲ್ಲ.

ಕಲ್ಲಿನ ನಾಟಕಶಾಲೆಗಳಲ್ಲಿ ಸರ್ವಾಂಗಸುಂದರವಾದುದು ಯಾವುದೆಂದರೆ ಎಪಿಡಾರಸ್ ಎಂದು ಎಲ್ಲರೂ ಹೇಳುತ್ತಾರೆ. ಅದು ವೈದ್ಯದೇವತೆಯಾದ ಅಸ್ಕ್ಲೀಪಿಯಸನ ಕ್ಷೇತ್ರ; ಗುಣವಾಗಲೆಂದು ಹರಕೆ ಹೊತ್ತು ರೋಗಿಗಳು ಬರುತ್ತಿದ್ದ ಸ್ಥಳ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಎದ್ದ ನಾಟಕಶಾಲೆಯನ್ನು ಪಾಲಿಕ್ಲೀಟಸ್ ಎಂಬ ಶಿಲ್ಪಿ ಕಟ್ಟಿದನೆಂದು ಕ್ರಿ. ಶ. ಎರಡನೆಯ ಶತಮಾನದ ಯಾತ್ರಿಕ ಪಾಸೇನಿಯಸ್ ಬರೆದಿದ್ದಾನೆ. ಅಂಗಳ ಪೂರ್ಣ ವೃತ್ತ. ಅಡ್ಡಳತೆ ಸುಮಾರು ೬೬ ಅಡಿ. ಅದನ್ನು ಬಳಸಿ ಕೆಳಭಾಗದಲ್ಲಿ ೩೪ ಸಾಲುಗಳು. ನಡುವೆ ಓಡಾಡಲು ಅಗಲವಾದ ಹಾದಿ. ಅದರ ಮೇಲೆ ಇನ್ನೂ ೨೧ ಸಾಲುಗಳು. ಒಟ್ಟು ೫೫ ಸಾಲುಗಳಲ್ಲಿ ೧೩,೦೦೦ಕ್ಕಿಂತ ಕಡಮೆಯಿಲ್ಲದ ಜನ ಕೂರಬಹುದು. ಕೆಳಗಿಂದ ಮೇಲಕ್ಕೆ ಹತ್ತುವ ಮೆಟ್ಟಿಲುದಾರಿಗಳು ಈ ಸಾಲುಗಳನ್ನು, ಹಲಸಿನ ಹಣ್ಣನ್ನು ಸೀಳಿದಂತೆ, ಕೆಳಗೆ ೧೨ ಹೋಳುಗಳಾಗಿಯೂ ಮೇಲೆ ೨೨ ಹೋಳುಗಳಾಗಿಯೂ ಸೀಳುತ್ತವೆ. ಆಸನದ ಕಲ್ಲಿನ ಮುಂಭಾಗವನ್ನು ಸ್ವಲ್ಪ ಒಳಕ್ಕೆ ಕೊರೆದಿದ್ದಾರೆ. ಯಾರಾದರೂ ಹಾದುಹೋಗುವಾಗ ಕೂತವರು ಕಾಲನ್ನು ಹಿಂದಕ್ಕೆಳೆದುಕೊಳ್ಳಲಿ ಎಂದು. ಮಳೆಯ ನೀರು ಇಳಿಜಾರಿನಿಂದ ಹರಿದುಬಂದು ಅಂಗಳದಲ್ಲಿ ನಿಲ್ಲಬಾರದಷ್ಟೆ. ಅದಕ್ಕಾಗಿ ಅಂಗಳದ ಸುತ್ತ ತಗ್ಗಾದ ಕಲ್ಲುಹಾಸಿನ ಓಣಿಯೊಂದನ್ನು ಬಿಟ್ಟಿದ್ದಾರೆ.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ. ಸಮನೆಲದಲ್ಲಿ ಜನ ಗುಂಪುಗೂಡಿದರೆ ಮುಂದಿನವರ ಮೈ, ಬಟ್ಟೆ, ತಲೆಗಳೇ ಶಬ್ದವನ್ನು ಕುಡಿದುಬಿಡುತ್ತವೆ. ಹಿಂದಿನವರಿಗೆ ಏನೂ ಉಳಿಯದು. ಕಡಿದಾದ ಇಳಿಜಾರಿನಲ್ಲಿ ಹಾಗಲ್ಲ. ಪ್ರತಿಯೊಂದು ಸಾಲೂ ಮುಂದಿನ ಸಾಲಿನ ತಲೆಯ ಮೇಲಿಂದ ನೋಡುತ್ತದೆ, ಕೇಳುತ್ತದೆ. ಮಾತು ನೇರವಾಗಿ ಬರುತ್ತದೆ. ಗಟ್ಟಿಯಾದ ಅಂಗಳದ ನೆಲಕ್ಕೆ ಬಡಿದು ಪುಟಿದ ಶಬ್ದ ಅದರ ಜೊತೆಗೂಡುತ್ತದೆ. ಹಿಂದಿನ ಸ್ಕೀನೆಯ ಗೋಡೆಯೂ ನೆರವಾಗುತ್ತಿದ್ದಿರಬೇಕು. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸ್ ಈ ತತ್ತ್ವವನ್ನು ಸೊಗಸಾಗಿ ವಿವರಿಸಿದ್ದಾನೆ. ಕೊಳಕ್ಕೆ ಕಲ್ಲೆಸೆದಾಗ ನೀರಿನಲ್ಲಿ ಉಂಗುರಗಳು ಹರಡುವಂತೆ ದನಿಯೂ ಹರಡುತ್ತದೆ. ನೀರಿನ ಅಲೆ ಅಡ್ಡಗಲ ಮಾತ್ರ ಹೋಗುತ್ತದೆ, ದನಿ ಮೇಲಕ್ಕೂ ಏರುತ್ತದೆ. ಆದುದರಿಂದ ಆಸನಗಳೂ ಹಾಗೆಯೇ ಏರಬೇಕು ಎಂಬುದು ಅವನ ಮತ. ೨೦೦೭ರಲ್ಲಿ ಅಮೆರಿಕದ ಜಾರ್ಜಿಯ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು ಇನ್ನೊಂದು ಕಾರಣವನ್ನು ಮುಂದಿಟ್ಟರು. ಎಪಿಡಾರಸಿನ ಸಾಲುಸಾಲು ಕಲ್ಲುಗಳ ಏಣುಗಳು ಸೆಕೆಂಡಿಗೆ ಸುಮಾರು ೫೦೦ ಕಂಪನಗಳಿಗಿಂತ ಕೆಳಗಿನ ಶಬ್ದವನ್ನು, ಎಂದರೆ ಜನರ ಗುಜುಗುಜು ಗಾಳಿಯ ಮೊರೆತಗಳನ್ನು, ತಗ್ಗಿಸುತ್ತವೆ. ಮಾತಿನ ಮೇಲಿನ ಸ್ವರಗಳನ್ನು ಉಳಿಸುತ್ತವೆ ಎಂದು ಅವರ ಲೆಕ್ಕಾಚಾರ. ಅಂಗಳದ ನಡುವೆ ನಾಣ್ಯ ಬಿದ್ದರೆ, ಪಿಸುಮಾತಾಡಿದರೆ, ಕೊನೆಯ ಸಾಲಿಗೂ ಕೇಳುತ್ತದೆಂದು ಮಾರ್ಗದರ್ಶಿಗಳು ಹೇಳುವ ಮಾತನ್ನು ಮಾತ್ರ ಪೂರ್ತಿ ನಂಬಬೇಕಾಗಿಲ್ಲ. ೨೦೧೭ರಲ್ಲಿ ಹಾಲೆಂಡಿನ ಐಂಡ್‌ಹೋವನ್ ವಿಶ್ವವಿದ್ಯಾನಿಲಯದವರು ಉಪಕರಣಗಳಿಂದ ಅಳೆದು ನೋಡಿ, ಪಿಸುಮಾತು ಅಷ್ಟು ದೂರ ಹೋಗುವುದಿಲ್ಲ, ಗಟ್ಟಿಯಾಗಿ ಆಡಿದ ಮಾತು ಹೋಗುತ್ತದೆ ಎಂದು ತಿಳಿಸಿದರು. ಗ್ರೀಕರ ಕೀರ್ತಿಗೆ ಇದರಿಂದ ಕುಂದೇನೂ ಇಲ್ಲ. ನಡುವಿನಿಂದ ಸುಮಾರು ೨೦೦ ಅಡಿ ದೂರದ ಮೇಲಿನ ಸಾಲಿಗೆ ನಟನ ಮುಖಭಾವ ಕಾಣಲಾರದು. ಅವನು ಮುಖವಾಡವನ್ನೂ ತೊಟ್ಟಿರುತ್ತಾನೆ. ಹಾಗಾದರೆ ಉಳಿದುದೇನು? ಪಳಗಿದ ದನಿ, ದೊಡ್ಡ ಅಭಿನಯ, ಮೇಳದ ಹಾಡು. ಕಟ್ಟಡ ದನಿಯನ್ನು ಕಾಪಾಡಿತು. ದನಿ ನಾಟಕವನ್ನು ಕಾಪಾಡಿತು.

ಆದರೆ ಎಪಿಡಾರಸಿನ ವೃತ್ತ ಇಷ್ಟು ಪರಿಪೂರ್ಣವಾಗುವ ಹೊತ್ತಿಗೆ ಆ ವೃತ್ತವನ್ನು ತುಂಬುತ್ತಿದ್ದ ಮೇಳ ಕ್ಷೀಣಿಸತೊಡಗಿದ್ದಿತು. ಮೆನಾಂಡರನ ಹೊಸ ಹಾಸ್ಯನಾಟಕಗಳಲ್ಲಿ ಊರಿನ ರಾಜಕಾರಣವಿಲ್ಲ. ಮನೆ, ಮದುವೆ, ಮುಂಗೋಪಿ ತಂದೆ, ಕಳೆದುಹೋದ ಮಗು ಇವೇ ಕಥೆ. ಮೇಳ ಅಂಕಗಳ ನಡುವೆ ಬಂದು ಏನೋ ಹಾಡಿ ಹೋಗುತ್ತದೆ. ಅದು ಏನು ಹಾಡಿತೆಂಬುದನ್ನು ಪ್ರತಿಗಳಲ್ಲಿ ಬರೆದೂ ಇಲ್ಲ. ‘ಮೇಳದ್ದು’ ಎಂಬರ್ಥದ ಒಂದು ಮಾತನ್ನು ಬರೆದು ಲಿಪಿಕಾರರು ಮುಂದೆ ಹೋಗಿದ್ದಾರೆ. ಕಟ್ಟಡವೂ ಇದಕ್ಕೆ ತಕ್ಕಂತೆ ಮಾರ್ಪಟ್ಟಿತು. ಸ್ಕೀನೆಯ ಮುಂದೆ ಕಂಬಸಾಲಿನ ಮೇಲೆ ಎತ್ತರದ ಜಗಲಿಯೊಂದು ಬಂದಿತು. ಏಷ್ಯ ಮೈನರಿನ ಪ್ರೈಯೀನೆ ಎಂಬ ಊರಿನಲ್ಲಿ ಅದು ಇಂದಿಗೂ ಚೆನ್ನಾಗಿ ಉಳಿದಿದೆ. ಕಾಲಕ್ರಮದಲ್ಲಿ ನಟರು ಅಂಗಳವನ್ನು ಬಿಟ್ಟು ಆ ಜಗಲಿಯ ಮೇಲಕ್ಕೆ ಏರಿದರು. ನಟ ದೊಡ್ಡವನಾದನು, ಅಂಗಳ ಬರಿದಾಯಿತು.

ಮುಂದೆ ರೋಮನರು ಬಂದರು. ಅವರು ಗುಡ್ಡಕ್ಕಾಗಿ ಕಾಯಲಿ���್ಲ. ಕಮಾನುಗಳನ್ನು ಕಟ್ಟಿ ಬಯಲಿನಲ್ಲೇ ಸಾಲುಗಳನ್ನು ಎತ್ತಿದರು. ಎಂಜಿನಿಯರಿಂಗಿನ ದೃಷ್ಟಿಯಿಂದ ಅದು ದೊಡ್ಡ ಸಾಧನೆಯೇ. ಆದರೆ ವೃತ್ತವನ್ನು ಅರ್ಧಕ್ಕೆ ಕತ್ತರಿಸಿದರು. ಪಕ್ಕದ ಬಯಲು ಹಾದಿಗಳ ಮೇಲೆ ಕಮಾನು ಮುಚ್ಚಿ ಆಸನಗಳನ್ನೂ ರಂಗದ ಗೋಡೆಯನ್ನೂ ಒಂದಕ್ಕೊಂದು ಕೂಡಿಸಿಬಿಟ್ಟರು. ಹಿಂದಿನ ಗೋಡೆ ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದು, ಪ್ರೇಕ್ಷಕನ ಕಣ್ಣಿಗೆ ಬೆಟ್ಟವೂ ಕಡಲೂ ಕಾಣದಂತಾಯಿತು. ಮೇಳ ಕುಣಿಯುತ್ತಿದ್ದ ಅಂಗಳದಲ್ಲಿ ಪ್ರಭುಗಳಿಗೆ ಕುರ್ಚಿ ಹಾಕಿದರು.

ಅಥೆನ್ಸಿನ ಮೂಲ ನಾಟಕಶಾಲೆಗೇ ಇನ್ನೂ ಹೆಚ್ಚಿನ ದುರ್ಗತಿ ಬಂದಿತು. ಕ್ರಿ. ಶ. ಒಂದನೆಯ ಶತಮಾನದಲ್ಲಿ, ನೀರೋ ಚಕ್ರವರ್ತಿಯ ಕಾಲದಲ್ಲಿ, ಅದನ್ನು ರೋಮನ್ ಮಾದರಿಯಲ್ಲಿ ಮಾರ್ಪಡಿಸಿ ಅಂಗಳಕ್ಕೆ ಬಣ್ಣಬಣ್ಣದ ಕಲ್ಲು ಹಾಸಿದರು. ಅದೇ ರೋಮನ್ ಕಾಲದಲ್ಲಿ ಮುಂದಿನ ಸಾಲಿಗೂ ಅಂಗಳಕ್ಕೂ ನಡುವೆ ಅಮೃತಶಿಲೆಯ ತಡೆಗೋಡೆಯೂ ಎದ್ದಿತು. ತಡೆಗೋಡೆ ಏಕೆ? ಅಂಗಳದಲ್ಲಿ ಈಗ ನಡೆಯುತ್ತಿದ್ದುದು ಹಾಡಲ್ಲ, ಕತ್ತಿ ಹಿಡಿದು ಪ್ರಾಣ ತೆಗೆಯುವ ಮಲ್ಲರ ಕಾಳಗ. ಆ ಕಾಲದ ವಾಗ್ಮಿ ಡಿಯೋ ಕ್ರಿಸೊಸ್ಟಮ್ ಇದನ್ನು ಕಂಡು ಅಥೆನ್ಸಿನವರನ್ನು ಕಟುವಾಗಿ ಖಂಡಿಸಿದ್ದಾನೆ. ಅರ್ಚಕರು ಕುಳಿತುಕೊಳ್ಳಬೇಕಾದ ಪೀಠಗಳ ನಡುವೆಯೇ ಮನುಷ್ಯರ ಹತ್ಯೆಯಾಗುತ್ತಿದೆಯೆಂಬುದು ಅವನ ಆಕ್ಷೇಪ. ಶತ್ರುವಿನ ದುಃಖಕ್ಕೆ ಹಾಡು ಕಟ್ಟಿದ್ದ ಸ್ಥಳದಲ್ಲಿ ಅಪರಿಚಿತನ ಸಾವು ವಿನೋದವಾಯಿತು. ಇದಕ್ಕೆ ರೋಮನರೊಬ್ಬರನ್ನೇ ದೂರಿ ಫಲವಿಲ್ಲ. ಮೆಟ್ಟಿಲುಗಳ ಮೇಲೆ ಕುಳಿತು ನೋಡಿದವರು ಅಥೆನ್ಸಿನ ಪೌರರೇ. ಕಲ್ಲು ಅದೇ ಕಲ್ಲು, ಇಳಿಜಾರು ಅದೇ ಇಳಿಜಾರು. ದನಿ ಚೆನ್ನಾಗಿ ಕೇಳುವಂತೆ ಕಟ್ಟಡವನ್ನು ಕಟ್ಟಬಹುದು. ಎಂಥ ದನಿಯನ್ನು ಕೇಳಬೇಕೆಂಬುದನ್ನು ಕಟ್ಟಡ ಕಲಿಸಲಾರದು. ಅದು ಕೂತವರ ಹೊಣೆ.

ಕಾಲಾಂತರದಲ್ಲಿ ಈ ನಾಟಕಶಾಲೆಗಳು ಪಾಳುಬಿದ್ದುವು. ಎಷ್ಟೋ ಕಡೆ ಕಲ್ಲುಗಳನ್ನು ಕಿತ್ತು ಮನೆಕಟ್ಟಲು ಒಯ್ದರು. ಎಪಿಡಾರಸನ್ನು ಕಾಪಾಡಿದ್ದು ಮಣ್ಣು. ಬೆಟ್ಟದಿಂದ ಇಳಿದುಬಂದ ಮಣ್ಣು ಸಾಲುಗಳನ್ನು ಮುಚ್ಚಿ ಅದರ ಮೇಲೆ ಮರಗಿಡಗಳು ಬೆಳೆದುವು. ೧೮೮೧ರಲ್ಲಿ ಗ್ರೀಕ್ ವಿದ್ವಾಂಸ ಕವ್ವಾಡಿಯಸ್ ಅಗೆತವನ್ನು ಆರಂಭಿಸಿದನು. ೧೯೩೮ರಲ್ಲಿ ಸಾಫೊಕ್ಲೀಸನ ‘ಎಲೆಕ್ಟ್ರ’ ಅಲ್ಲಿ ಮತ್ತೆ ರಂಗಕ್ಕೆ ಬಂದಿತು. ೧೯೫೫ರಿಂದ ವಾರ್ಷಿಕ ನಾಟಕೋತ್ಸವ ಪ್ರಾರಂಭವಾಯಿತು. ೧೯೮೮ರಲ್ಲಿ ಯುನೆಸ್ಕೋ ಸಂಸ್ಥೆ ಎಪಿಡಾರಸ್ ಕ್ಷೇತ್ರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಕಟ್ಟಡಗಳಲ್ಲಿ ಹೆಚ್ಚಿನವನ್ನು ನಾವು ನೋಡಿ ಬರಬಹುದಷ್ಟೆ. ಇದನ್ನು ಕಟ್ಟಿದ ಉದ್ದೇಶಕ್ಕೇ ಇಂದೂ ಬಳಸಬಹುದಾಗಿದೆ.

ವಾಚಕರು ಮುಂದೆ ಯಾವಾಗಲಾದರೂ ‘ಪಾರಸಿಕರು’ ಓದುವಾಗ, ಇಲ್ಲವೆ ಗ್ರೀಕ್ ರುದ್ರನಾಟಕವೊಂದನ್ನು ರೇಡಿಯೋದಲ್ಲಿ ಕೇಳುವಾಗ, ಮೇಳದ ಭಾಗ ಬಂದಿತೆಂದರೆ ಬೇಸರದಿಂದ ದಾಟಿಹೋಗಬೇಡಿ. ಆ ಹಾಡಿಗಾಗಿಯೇ ಗುಡ್ಡದ ಬುಡದಲ್ಲಿ ಅಷ್ಟು ದೊಡ್ಡ ಅಂಗಳವನ್ನು ಬಿಟ್ಟಿದ್ದರು. ಅಲ್ಲಿ ನಿಂತು ಹಾಡಿದವರು ದೊರೆಗಳೂ ಅಲ್ಲ, ದೇವತೆಗಳೂ ಅಲ್ಲ. ಮೇಲೆ ಕುಳಿತಿದ್ದವರ ಅಣ್ಣತಮ್ಮಂದಿರು.